ಮಾವನ ಎರಡು ಕ್ಯಾಮೆರಾ, ಅತ್ತೆಯ ವಿಭೂತಿ

ನಮ್ಮ ಸೋದರಮಾವನಿಗೆ ಫೋಟೋ ತೋರಿಸಿದರೆ ಅದರಲ್ಲಿ ಯಾರಿದ್ದಾರೆಂದು ಕೇಳುವುದಿಲ್ಲ; ಯಾವ ಕ್ಯಾಮೆರಾದಲ್ಲಿ ತೆಗೆದದ್ದೆಂದು ಕೇಳುತ್ತಾನೆ! ಒಮ್ಮೆ ಗುರುಗುಂಟಾದವರು ತಂದ ವರನ ಫೋಟೋ ಹಿಗ್ಗಿಸಿ ನೋಡಿ, "ಮಾರಿ ತುಂಬ ಕಾಳು ಕಾಳು ಬಂದೈತಿ" ಎಂದುಬಿಟ್ಟ. ಪಾಪ, ಹೇಳಿದ್ದು ಕ್ಯಾಮೆರಾದ ಗುಣ. ವರನ ಕಡೆಯವರು ಚಹಾ ಕುಡಿಯದೆ ಎದ್ದು ಹೋದರು.

ಮಸ್ಕಿಯಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಹಳೆಯ ಡಿಜಿಟಲ್ ಕ್ಯಾಮೆರಾ ಕೆಟ್ಟು ಲಿಂಗಸುಗೂರಿನಲ್ಲಿ ರಿಪೇರಿಗೆ ಕೂತಿತ್ತು. ಹೊಸದನ್ನು ಸಿಂಧನೂರಿನಿಂದ ತಂದಿದ್ದ. ತಂದ ದಿನವೇ ಊರ ಗುಡ್ಡದ ಫೋಟೋ ತೆಗೆದು ನನ್ನ ಮುಂದೆ ಹಿಡಿದ.

"ಹಳೇದರಾಗ ಗುಡ್ಡ ಗುಡ್ಡದಂಗ ಕಾಣತಿತ್ತು. ಇದರಾಗ ಒಂದೊಂದು ಕಲ್ಲೂ ಕಾಣಾಕತ್ತೈತಿ. ಇಷ್ಟ್ಯಾಕ ಕಾಣಬೇಕಲೇ?"

ಬಣ್ಣದ ಪರೀಕ್ಷೆಗೆ ಅವನ ಅಳತೆಗೋಲು ಅತ್ತೆಯ ಹಣೆಯ ವಿಭೂತಿ. ದಿನಾ ಪೂಜೆ ಮುಗಿಸಿ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ ಕ್ಲಿಕ್ಕಿಸುತ್ತಿದ್ದ. ವಿಭೂತಿ ಬೆಳ್ಳಗೆ ಬಂದರೆ ಕ್ಯಾಮೆರಾ ಪಾಸು. "ರೊಟ್ಟಿ ಹೊತ್ತತಾವ, ಲಗೂ ಹೊಡೀರಿ" ಎಂದು ಅತ್ತೆ ನಿಲ್ಲುತ್ತಿದ್ದಳು. ಮಾವ ಅವಳ ಮುಖವನ್ನು ಬರಿಗಣ್ಣಿನಿಂದ ನೋಡಿದ್ದು ಮದುವೆಯಲ್ಲೊಮ್ಮೆ ಮಾತ್ರ ಎಂದು ನನ್ನ ಗುಮಾನಿ!

ಈಗ ಮಾವನಿಗೆ ಗಾಬರಿ. ಹೊಸ ಕ್ಯಾಮೆರಾ ಅತ್ತೆಯನ್ನು ಹಳದಿ ಮಾಡುತ್ತಿದೆಯಂತೆ. ಆಗ ಅವರ ಮನೆಯಲ್ಲೇ ಇದ್ದ ನನ್ನ ಚಿಂತೆ ಬೇರೆ. ಎಂಟು ದಿನದಿಂದ ಅತ್ತೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದಳು.

"ಅತ್ತೀನ ದವಾಖಾನಿಗೆ ಕರಕೊಂಡು ಹೋಗೋಣ ನಡಿ ಮಾವ."

"ಬಿಸಲಿನ ತ್ರಾಸ ಅದು. ಮೊದಲು ಕ್ಯಾಮೆರಾ ತೋರಿಸೋಣ ನಡಿ."

ಸಿಂಧನೂರಿನ ಅಂಗಡಿಯವನು ಬಿಳಿ ಹಾಳೆಯ ಫೋಟೋ ತೆಗೆದ. ಹಾಳೆ ಬೆಳ್ಳಗೇ ಬಂತು. ನನ್ನದು ತೆಗೆದ. ನಾನು ಎಂದಿನಂತೆ ಕರ್ರಗೇ ಬಂದೆ. ಮಾವ ಒಪ್ಪಿದನೇ? ಲಿಂಗಸುಗೂರಿನ ಬಸ್ಸು ಹತ್ತಿದ. ನಡುವೆ ಮಸ್ಕಿ ಬಂದರೂ ಇಳಿಯಲಿಲ್ಲ. ಮನೆಯಲ್ಲಿ ಅತ್ತೆ ಒಬ್ಬಳೇ ಮಲಗಿರುತ್ತಾಳೆಂದು ನಾನು ತೋಳು ಹಿಡಿದು ಎಳೆದರೂ ಕೇಳಲಿಲ್ಲ. ರಿಪೇರಿಯಾದ ಹಳೆಯ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬರುವಾಗ, "ಇದು ಸುಳ್ಳು ಹೇಳಂಗಿಲ್ಲ" ಎಂದು ನಾಲ್ಕು ಸಲ ಹೇಳಿದ.

ಮರುದಿನ ಬೆಳಿಗ್ಗೆ ಅದೇ ಬಾಗಿಲು, ಅದೇ ಅತ್ತೆ. ಎರಡರಿಂದಲೂ ತೆಗೆದು ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ಹಿಗ್ಗಿಸಿದ. ಹಳೆಯದರಲ್ಲಿ ವಿಭೂತಿ ಅಚ್ಚ ಬಿಳಿ. ಹೊಸದರಲ್ಲೂ ಅಚ್ಚ ಬಿಳಿ. ಅದರ ಕೆಳಗಿನ ಕಣ್ಣುಗಳು ಮಾತ್ರ ಎರಡರಲ್ಲೂ ಅರಿಷಿಣದ ಹಳದಿ.

ಮಾವ ಕುರ್ಚಿಯಿಂದ ಎದ್ದುನಿಂತ. "ಎರಡೂ ಖರೇನ ಹೇಳ್ಯಾವಲೇ. ನಾನ ಕೇಳಲಿಲ್ಲ" ಎಂದ.

ದವಾಖಾನೆಯಲ್ಲಿ ತೋರಿಸಿದರೆ ಕಾಮಾಲೆ ಜೋರಾಗಿತ್ತು. ಎರಡು ತಿಂಗಳ ಪಥ್ಯದಲ್ಲಿ ಅತ್ತೆ ಚೇತರಿಸಿಕೊಂಡಳು. ಆ ಎರಡು ತಿಂಗಳು ಮಾವ ಯಾವ ಕ್ಯಾಮೆರಾವನ್ನೂ ಬೈಯಲಿಲ್ಲ.

ಹೋದ ವಾರ ಹೋದಾಗ ಅತ್ತೆ ಪೂಜೆ ಮುಗಿಸಿ ಬಾಗಿಲಲ್ಲಿ ಬಂದು ನಿಂತಳು. ಮಾವ ಬರಿಗೈಯಲ್ಲಿ ಬಂದು, ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ.

"ಯಾಕ್ರಿ, ಫೋಟೋ ಹೊಡಿಯಂಗಿಲ್ಲೇನು? ರೊಟ್ಟಿ ಹೊತ್ತತಾವ."

"ಹೊತ್ತಲಿ. ಹಂಗ ನಿಂದ್ರು. ನಾ ಇನ್ನಾ ನೋಡಾಕತ್ತೀನಿ."