ಬೀರುವಿನೊಳಗೆ ಟ್ರಂಪೆಟ್

ಸ್ಟುಡಿಯೋ ತೀರಾ ಚೆನ್ನಾಗಿತ್ತು. ತೊಂದರೆ ಶುರುವಾದದ್ದೇ ಅದರಿಂದ.

ಹನ್ನೊಂದು ವರ್ಷದ ಹಿಂದೆ ಮುಂಬಲ್ಲು ಮುರಿದು ಟ್ರಂಪೆಟ್ ಬಿಟ್ಟಿದ್ದವನು, ಕಟ್ಟಿಸಿದ ಹಲ್ಲು ಗಟ್ಟಿಯಾಗಿ ಕೂತ ಮೇಲೆ ಮತ್ತೆ ಊದಲು ಹಿಡಿದಿದ್ದ. ಕೆಳಮನೆಯ ಗಣಿತದ ಮೇಷ್ಟ್ರು, "ರೀ ತುತ್ತೂರಿಯವರೇ, ನನ್ನ ಕಿವಿ ಬಾಡಿಗೆಗೆ ಕೊಟ್ಟಿಲ್ಲ!" ಎಂದು ಕೂಗಿದ ದಿನದಿಂದ ಅಭ್ಯಾಸ ಹೆಂಡತಿಯ ಮರದ ಬೀರುವಿನೊಳಗೆ ನಡೆಯುತ್ತಿತ್ತು. ಅಲ್ಲಿ ತೂಗುತ್ತಿದ್ದ ಉಣ್ಣೆಯ ಕೋಟುಗಳು ದನಿಯ ಚೂಪನ್ನೆಲ್ಲ ಹೀರಿ, ದುಂಡಗಿನದನ್ನು ಮಾತ್ರ ಹೊರಗೆ ಬಿಡುತ್ತಿದ್ದವು. ಎರಡು ವರ್ಷದಲ್ಲಿ ಅವನ ತುಟಿ ಆ ಕತ್ತಲೆಗೂ ನುಸಿಗುಳಿಗೆಯ ವಾಸನೆಗೂ ಒಗ್ಗಿಹೋಗಿತ್ತು.

ಆ ಬೆಳಿಗ್ಗೆ ಸ್ಟುಡಿಯೋದ ವಿಶಾಲ ಕೋಣೆಯಲ್ಲಿ ಪಿಯಾನೋ, ಬಾಸ್, ಡ್ರಮ್ಸ್, ಇವನು, ಹೀಗೆ ನಾಲ್ವರು. ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿತು. ಇವನು ಊದಿದ. ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನ ದನಿ ಹೊರಟಿತು.

ಆರನೆಯ ಸಲಕ್ಕೂ ಅದೇ ಬೆಕ್ಕು. ಹಳೆಯ ಸ್ನೇಹಿತನಾದ ಪಿಯಾನೋದವನು ಪಕ್ಕಕ್ಕೆ ಕರೆದ.

"ನೋಡಪ್ಪ, ಐದು ಗಂಟೆವರೆಗೆ ಕೋಣೆ ನಮ್ಮದು. ಅಷ್ಟರಲ್ಲಿ ಕೂಡಿಬರ್ಲಿಲ್ಲ ಅಂದ್ರೆ ಸ್ಯಾಕ್ಸೋಫೋನಿನವನನ್ನ ಕರೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

"ನಂಗೆ ಬಟ್ಟೆ ಬೀರು ಬೇಕು ಕಣೋ."

"ಏನು?"

"ನಮ್ಮನೇದು. ಒಳಗಿರೋ ಕೋಟುಗಳ ಸಮೇತ."

ಮಧ್ಯಾಹ್ನ ನಾಲ್ವರೂ ಇವನ ಮನೆಗೆ ಹೋಗಿ ಬೀರು ಎತ್ತಿದರು.

"ನನ್ನ ಬೀರು ಎಲ್ಲಿಗ್ರೀ?" ಹೆಂಡತಿ ಅಡ್ಡ ನಿಂತಳು.

"ಸಂಜೆಗೆ ತಂದಿಡ್ತೀನಿ ಕಣೇ."

"ಒಂದು ಗುಂಡಿ ಕಿತ್ತುಬಂದ್ರೂ ನೀವು ಸ್ಟುಡಿಯೋದಲ್ಲೇ ಮಲಗ್ಬೇಕು, ಹೇಳಿದೀನಿ."

ಮೆಟ್ಟಿಲ ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ಮೇಷ್ಟ್ರ ಬಾಗಿಲು ತೆರೆಯಿತು. ಅವರ ಮುಖ ಲೆಕ್ಕ ಬಿಡಿಸಿದ ಹುಡುಗನ ಹಾಗೆ ಬೆಳಗಿತು.

"ಮನೆ ಖಾಲಿ ಮಾಡ್ತಿದ್ದೀರಾ? ಛೆ ಛೆ, ಮೊದಲೇ ಹೇಳೋದಲ್ವಾ!" ಅಂಗಿಯ ತೋಳು ಮಡಚಿ ಧುಮುಕಿಯೇಬಿಟ್ಟರು. "ಓರೆ ಮಾಡಿ! ಮೂವತ್ತು ಡಿಗ್ರಿ! ನನ್ನ ಕಡೆಗೆ!"

ಮೇಲ್ಮನೆಯ ಅಜ್ಜಿ ಬೀಳ್ಕೊಡಲು ಇಳಿದು ಬಂದರು. "ಹೋದ ಕಡೆ ಚೆನ್ನಾಗಿರಪ್ಪ. ನಮ್ಮನ್ನ ನೋಡೋಕೆ ಅಂತ ಬರೋ ಶ್ರಮ ತಗೋಬೇಡ."

ನಿಜ ಹೇಳಲು ಉಸಿರು ಬೇಕಿತ್ತು. ಬೀರುವಿನ ಒಂದು ಕಾಲು ಇವನ ಹೆಬ್ಬೆರಳಿನ ಮೇಲಿತ್ತು.

ನಾಲ್ಕಕ್ಕೆ ಬೀರು ಸ್ಟುಡಿಯೋದ ನಡುವೆ ನಿಂತಿತು. ಇವನು ಒಳಹೊಕ್ಕು ಬಾಗಿಲೆಳೆದುಕೊಂಡ. ಬೀಗದ ತೂತಿಗೆ ಮೈಕು ಬಂತು. ಪಿಯಾನೋದವನು ಬಾಗಿಲ ಮೇಲೆ ನಾಲ್ಕು ಸಲ ತಟ್ಟಿ ತಾಳ ಕೊಟ್ಟ.

ಆಮೇಲಿನದು ಬೇರೆಯೇ. ಹನ್ನೊಂದು ವರ್ಷ ಎದೆಯಲ್ಲಿ ಮಡಚಿಟ್ಟಿದ್ದದ್ದೆಲ್ಲ ಇಸ್ತ್ರಿ ಮಾಡಿದ ಹಾಗೆ ಹೊರಬಂತು. ಎಂದೂ ನಗದ ಬಾಸಿನವನು ತನ್ನ ವಾದ್ಯವನ್ನೇ ತಬ್ಬಿಕೊಂಡು ಕುಣಿದ. ಐವತ್ತು ನಿಮಿಷಕ್ಕೆ ಐದು ಹಾಡು!

ಸ್ಟುಡಿಯೋದ ಯಜಮಾನ ಒದ್ದೆಗಣ್ಣಿನಲ್ಲಿ ಓಡಿಬಂದ. "ಇಂಥ ದನಿಗಾಗಿ ಇಪ್ಪತ್ತು ವರ್ಷದಿಂದ ಹುಡುಕ್ತಿದ್ದೆ ಸಾರ್! ನಿಮ್ಮ ರೆಕಾರ್ಡು ನಾನೇ ಹೊರಗೆ ತರ್ತೀನಿ. ಮುಂದಿನ ಆರು ತಿಂಗಳ ಕೆಲಸಕ್ಕೆಲ್ಲ ಇದೇ ಬೇಕು."

ಕಟ್ಟಿಸಿದ ಹಲ್ಲು ಪೂರ್ತಿ ಕಾಣುವಂತೆ ಇವನು ನಕ್ಕ. "ಕರೆದಾಗೆಲ್ಲ ಬರ್ತೀನಿ!"

"ನೀವ್ಯಾಕೆ ಸಾರ್ ತೊಂದ್ರೆ ತಗೋತೀರಿ?" ಯಜಮಾನ ಬೀರುವಿನ ಬೆನ್ನು ಸವರಿದ. "ಇದೊಂದು ಇಲ್ಲಿದ್ರೆ ಸಾಕು. ನಾಳೆ ಸ್ಯಾಕ್ಸೋಫೋನಿನವನು ಬರ್ತಾನೆ. ಸ್ವಲ್ಪ ದಪ್ಪ. ಎರಡು ಕೋಟು ತೆಗೆದ್ರೆ ಹಿಡಿಸ್ತಾನೆ."

ಪಿಯಾನೋದವನು ಆಗಲೇ ಯಜಮಾನನ ಕೈಕುಲುಕಿ ಬೀರು ಬಿಟ್ಟುಹೋಗಲು ಒಪ್ಪಿಕೊಂಡಾಗಿತ್ತು.

ಸಂಜೆ ಎರಡು ಕೋಟು ಹೆಗಲಿಗೆ ಹಾಕಿಕೊಂಡು, ಹೊಸ ಹಾಡು ಗುನುಗುತ್ತ ಇವನು ಮೆಟ್ಟಿಲು ಹತ್ತಿದ. ಮೇಷ್ಟ್ರು ಇಣುಕಿದರು.

"ಏನಾದ್ರೂ ಮರೆತು ಹೋಗಿದ್ರಾ?"

"ಇಲ್ಲ ಮೇಷ್ಟ್ರೇ, ಮನೆಗೆ ಬಂದೆ."

ಮೇಷ್ಟ್ರು ಬಾಗಿಲು ಮುಚ್ಚಿಕೊಂಡರು.

ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. "ಬೀರು ಎಲ್ರೀ?"

"ಅದಕ್ಕೆ ಕೆಲಸ ಸಿಕ್ತು ಕಣೇ."

"ನಿಮಗೆ?"

ಇವನು ಟ್ರಂಪೆಟ್ಟನ್ನು ಎದೆಗವಚಿಕೊಂಡು ಬಗ್ಗಿ, ಮಂಚದ ಕೆಳಗೆ ಎಷ್ಟು ಜಾಗವಿದೆ ಎಂದು ನೋಡತೊಡಗಿದ.