ಕೊನೆಯ ಪುಟದ ಪೆನ್ಸಿಲ್ ಅಕ್ಷರ

ಹಳೇ ಪುಸ್ತಕದ ಬೆನ್ನು ಹತ್ತಿದವನಿಗೆ ಪುಸ್ತಕ ಸಿಕ್ಕರೂ ಸಿಕ್ಕೀತು, ಬಿಟ್ಟರೂ ಬಿಟ್ಟೀತು. ಮರ್ಯಾದೆ ಹೋಗುವ ಪ್ರಸಂಗ ಮಾತ್ರ ತಪ್ಪದೆ ಸಿಗುತ್ತದೆ. ಕಾರವಾರ, ಅಂಕೋಲೆಯ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಚೀಟಿ ಕೊಡುವುದು ನನ್ನ ಕೆಲಸ. ಒಂದು ಕಣ್ಣು ಮೀಟರಿನ ಮೇಲೆ, ಇನ್ನೊಂದು ಆ ಮನೆಯ ಕಪಾಟಿನ ಮೇಲೆ. ಹಾಗಾಗಿ ಇಂಥ ಪ್ರಸಂಗಗಳಿಗೆ ನನಗೆ ಬರಗಾಲವಿಲ್ಲ.

ನನ್ನ ಓದಿನ ರುಚಿ ಹೇಳಿಕೊಳ್ಳುವಂಥದ್ದೇನಲ್ಲ. ಪತ್ತೇದಾರಿ ಕಾದಂಬರಿ ಎಂದರೆ ಪಂಚಪ್ರಾಣ. ಅದನ್ನೂ ಹಿಂದಿನಿಂದ ಓದುತ್ತೇನೆ. ಕೊಲೆಗಾರ ಯಾರೆಂದು ತಿಳಿಯದೆ ನನಗೆ ಊಟ ಸೇರುವುದಿಲ್ಲ. ನನ್ನ ಅಮ್ಮನಿಗೆ, ನಮ್ಮ ಆಯಿಗೆ ಮಾತ್ರ ಅಳಿಸುವ ಕಾದಂಬರಿಯೇ ಬೇಕಿತ್ತು. ಕಾರವಾರದ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದರಿಂದ ತರುತ್ತಿದ್ದಳು. ಅಲ್ಲಿಗೆ ಬರುವ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು: ಓದಿ ಮುಗಿಸಿದವರು ಕೊನೆಯ ಪುಟದ ಕೆಳಗೆ ಮುಂದಿನವರಿಗೆಂದು ಪೆನ್ಸಿಲ್‌ನಲ್ಲಿ ಒಂದು ಮಾತು ಬರೆಯುವುದು. 'ಒಲೆ ಮೇಲೆ ಹಾಲಿಟ್ಟು ಓದಬೇಡಿ.' 'ಅತ್ತೆಯ ಕೈಗೆ ಕೊಡಬೇಡಿ.' ಆಯಿಯೂ ಬರೆಯುತ್ತಿದ್ದಳು. ಪುಸ್ತಕ ಮನೆಗೆ ಬಂದ ಕೂಡಲೇ ನಾನು ಕೊನೆಯ ಪುಟ ತೆರೆದು, "ಆಯೀ, ಇದ್ರಲ್ಲಿ ಗಂಡ ವಾಪಸ್ ಬರ್ತಾನೆ!" ಎಂದು ಕೂಗಿಬಿಡುತ್ತಿದ್ದೆ. ಅವಳು ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು.

ಆಯಿ ಹೋಗಿ ಮೂರು ವರ್ಷವಾಯಿತು. ಓದಿದ್ದೆಲ್ಲ ಎರವಲು, ಹಾಗಾಗಿ ಮನೆಯಲ್ಲಿ ಅವಳದೊಂದು ಪುಸ್ತಕವೂ ಇಲ್ಲ. ಅವಳ ಅಕ್ಷರ ಉಳಿದಿದ್ದದ್ದು ಒಂದು ಡಬ್ಬಿಯ ಮುಚ್ಚಳದ ಮೇಲೆ, 'ಕೊತ್ತಂಬರಿ' ಎಂದು. ಹಬ್ಬದ ಮುಂಚೆ ನನ್ನ ಹೆಂಡತಿ ಆ ಡಬ್ಬಿಯನ್ನು ಫಳಫಳ ಹೊಳೆಯುವಂತೆ ತಿಕ್ಕಿಟ್ಟಳು. ಅವಳನ್ನು ಬಯ್ಯುವ ಹಾಗೂ ಇಲ್ಲ. ಲೈಬ್ರರಿ ಮುಚ್ಚಿ ಎಷ್ಟೋ ಕಾಲವಾಗಿ ಅದರ ಪುಸ್ತಕಗಳು ಚೆಲ್ಲಾಪಿಲ್ಲಿಯಾಗಿವೆ. ಅವುಗಳಲ್ಲಿ ಒಂದಾದರೂ ಆಯಿ ಬರೆದದ್ದು ಸಿಗಲಿ ಎಂಬುದಷ್ಟೇ ನನ್ನ ಆಸೆ. ಅವಳ ಧ್ವನಿ ಮರೆತುಹೋಗುತ್ತಿದೆ ಎಂಬ ಹೆದರಿಕೆ ನನಗೆ.

೧. ಗುಜರಿಯವನ ಉಪಕಾರ

ಕಾರವಾರದ ಒಂದು ಗುಜರಿ ಅಂಗಡಿಯಲ್ಲಿ ವಾರಕ್ಕೊಮ್ಮೆ ನನ್ನ ಹಾಜರಿ. ನೇವಿ ಕ್ವಾರ್ಟರ್ಸಿನವರಿಗೆ ವರ್ಗವಾದಾಗಲೆಲ್ಲ ಅಲ್ಲಿ ಹಿಂದಿ, ಮಲಯಾಳ, ಬಂಗಾಳಿ ಪುಸ್ತಕಗಳ ರಾಶಿ ಬೀಳುತ್ತದೆ. ಅದರ ಅಡಿಯಿಂದ ಕನ್ನಡದ್ದನ್ನು ಎಳೆದು, ಕೊನೆಯ ಪುಟ ನೋಡಿ, ನಿಟ್ಟುಸಿರು ಬಿಟ್ಟು ವಾಪಸ್ ಇಡುತ್ತೇನೆ. ಅಂಗಡಿಯವ ಎಷ್ಟೋ ವಾರ ಸುಮ್ಮನೆ ನೋಡಿದ. ಒಂದು ದಿನ ಅವನದೇ ಫೋನು.

"ಸರ್, ಬನ್ನಿ. ನಿಮ್ದು ತೆಗೆದಿಟ್ಟೆ."

ಒಂದೇ ಉಸಿರಿಗೆ ಓಡಿದೆ. ಸುತಳಿ ಸುತ್ತಿದ ಒಂದು ಕಟ್ಟು ಕೈಗಿಟ್ಟ. ಬಿಚ್ಚಿದರೆ ಬರೀ ಕೊನೆಯ ಪುಟಗಳು! ಇದ್ದಬದ್ದ ಕನ್ನಡ ಪುಸ್ತಕಗಳ ಕೊನೆಯ ಪುಟವನ್ನೆಲ್ಲ ಅಂದವಾಗಿ ಹರಿದು ಜೋಡಿಸಿದ್ದ.

"ಅಯ್ಯೋ ಮಾರಾಯಾ, ಉಳಿದದ್ದೆಲ್ಲಿ?"

"ಅದು ನೀವು ನೋಡೂದೇ ಇಲ್ಲಲ್ಲ ಸರ್. ಭಜಿ ಅಂಗಡಿಗೆ ಕೊಟ್ಟೆ."

ಒಂದರಲ್ಲೂ ಆಯಿ ಇರಲಿಲ್ಲ. ಸಂಜೆ ಬೇಸರಕ್ಕೆ ಭಜಿ ತಿನ್ನಲು ಹೋದರೆ, ಸುತ್ತಿ ಕೊಟ್ಟ ಕಾಗದದಲ್ಲಿ ಒಂದು ಕೊಲೆಯಾಗಿತ್ತು. ಕೊಲೆಗಾರ ಮನೆಯಲ್ಲಿ, ನನ್ನ ಕಟ್ಟಿನೊಳಗಿದ್ದ.

೨. ಹಟ್ಟಿಕೇರಿಯ ಪರೀಕ್ಷೆ

ಹಟ್ಟಿಕೇರಿಯ ಒಂದು ಮನೆಯಲ್ಲಿ ಮೀಟರಿನ ಕೆಳಗೇ ಒಂದು ಹಲಗೆ. ಅದರ ಮೇಲೆ ಧೂಳು ಹಿಡಿದ ಒಂದು ಕಾದಂಬರಿ, ಬೆನ್ನಿಗೆ ಆ ಲೈಬ್ರರಿಯ ಹಸಿರು ಚೀಟಿ. ಟಾರ್ಚ್ ಹಾಕಿ ಕೊನೆಯ ಪುಟ ತೆರೆದೆ. ಅರ್ಧ ಪುಟ ಗೆದ್ದಲು ತಿಂದಿತ್ತು. ಉಳಿದದ್ದರಲ್ಲಿ ಯಾರದೋ ದುಂಡಗಿನ ಅಕ್ಷರ: 'ಮೇಲೆ ಬರೆದ ಅಕ್ಕ ಹೇಳಿದ್ದು ನಿಜ. ನನ್ನದೂ ಅನ್ನ ಸೀದು ಹೋಯಿತು.'

ಆ ಅಕ್ಕ ಆಯಿಯೇ ಇರಬಹುದೇ? ಪುಟವನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮೂಸಿಯೂ ನೋಡಿದೆ. ಗೆದ್ದಲು ಆ ಅಕ್ಕನ ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ಆದರೂ ಮೀಟರ್ ಓದಬೇಕಲ್ಲ. ಒಮ್ಮೆ ಪುಸ್ತಕ, ಒಮ್ಮೆ ಮೀಟರ್ ನೋಡುತ್ತ ನಿಂತೆ.

ಬಾಗಿಲಲ್ಲಿದ್ದ ಮನೆಯಾಕೆ ಪಕ್ಕದ ಮನೆಗೆ ಕೂಗಿ ಹೇಳಿದರು: "ಏ ವೈನೀ, ಈ ಸಲ ಬಿಲ್ಲಿನವ ಹೊಸಬ ಕಾಣ್ತದೆ. ಪುಸ್ತಕ ನೋಡ್ಕಂಡು ಮೀಟರ್ ಓದ್ತಾ ಇದ್ದ!"

ಪಕ್ಕದ ಮನೆಯಿಂದ ಉತ್ತರ ಬಂತು: "ಹಂಗಾದ್ರೆ ನಮ್ಮನೆಗೆ ಪಾಸಾದ ಮೇಲೆ ಬರೂಕೆ ಹೇಳು!"

೩. ಕದ್ವಾಡದ ಅಜ್ಜಿ

ಕಳೆದ ತಿಂಗಳು ಕದ್ವಾಡದಲ್ಲಿ ಒಬ್ಬ ಅಜ್ಜಿ ಜಗಲಿಯಲ್ಲಿ ಕೂತು ಓದುತ್ತಿದ್ದರು. ಪುಸ್ತಕದ ಬೆನ್ನಿಗೆ ಹಸಿರು ಚೀಟಿ!

"ಅಜ್ಜೀ, ಇದು ಕಾರವಾರದ ಲೈಬ್ರರಿ ಪುಸ್ತಕ ಅಲ್ದಾ?" ಎಂದೆ.

ಅಜ್ಜಿ ತಟಕ್ಕನೆ ಪುಸ್ತಕವನ್ನು ತೊಡೆಯಡಿಗೆ ಸೇರಿಸಿದರು. "ಓದಿ ಆಗ್ಲಿಲ್ಲ ಇನ್ನೂ! ಆದ ಕೂಡ್ಲೇ ಕೊಡ್ತೆ ಅಂತ ಹೇಳು ಅವರಿಗೆ."

ಲೈಬ್ರರಿ ಮುಚ್ಚಿದ್ದು ಅಜ್ಜಿಗೆ ಗೊತ್ತೇ ಇರಲಿಲ್ಲ. ನಾನು ಕರೆಂಟಿನವ ಎಂದು ತಿಳಿದ ಮೇಲೆ ಸಮಾಧಾನವಾಗಿ ಗುಟ್ಟು ಹೇಳಿದರು. ಮುಗಿಸಿದರೆ ವಾಪಸ್ ಕೊಡಬೇಕಲ್ಲ, ಅದಕ್ಕೇ ಕೊನೆಯ ನಾಲ್ಕು ಪುಟ ಉಳಿದಾಗ ಮತ್ತೆ ಮೊದಲಿನಿಂದ ಶುರು ಮಾಡುತ್ತಾರಂತೆ. "ಮನೇಲಿ ಇರೂದು ಇದೊಂದೇ ಪುಸ್ತಕ ತಮ್ಮಾ. ಮುಗ್ದು ಹೋದ್ರೆ ಎಂತ ಮಾಡೂದು?"

ಕೊನೆಯ ಪುಟ ಒಮ್ಮೆ ನೋಡಲು ಕೊಡಿ ಎಂದು ಕೈ ಮುಗಿದೆ. ಅಜ್ಜಿ ತೊಡೆಯಡಿಯಿಂದ ಪುಸ್ತಕ ಹೊರಗೆಳೆದರು. "ನೋಡು. ಆದ್ರೆ ಕಡೀಗೆ ಎಂತ ಆಗ್ತದೆ ಅಂತ ಬಾಯಿ ಬಿಡ್ಬೇಡ" ಎಂದು ಪುಸ್ತಕ ಕೊಟ್ಟು ಕಣ್ಣು ಮುಚ್ಚಿ ಕೂತರು.

ತೆರೆದೆ. ಕೆಳಗೆ ಬಲಕ್ಕೆ ವಾಲಿದ ಪೆನ್ಸಿಲ್ ಅಕ್ಷರ, ಕೊತ್ತಂಬರಿ ಡಬ್ಬಿಯದೇ ಅಕ್ಷರ.

'ಮತ್ತೆ ಕೊನೆಯ ಪುಟ ಮೊದಲು ತೆರೆದೆಯಾ, ಕತ್ತೆ? ಹೋಗು, ಕೈ ತೊಳೆದುಕೊಂಡು ಬಂದು ಮೊದಲಿನಿಂದ ಓದು.'

ಮುಂದಿನವರಿಗಲ್ಲ, ನಾನು ತೆರೆಯುವ ಮೊದಲೇ ನನಗೆಂದು ಬರೆದಿಟ್ಟಿದ್ದಳು. ಆ ಪುಸ್ತಕ ಅದು ಹೇಗೋ ಆಗ ನನ್ನ ಕೈ ತಪ್ಪಿಸಿಕೊಂಡಿತ್ತು. ನನ್ನ ಶಾಲೆಯ ಪರೀಕ್ಷೆಯ ಗಡಿಬಿಡಿ ಇದ್ದಿರಬೇಕು. ಐವತ್ತು ದಾಟಿದ ನಾನು, ಕುತ್ತಿಗೆಗೆ ಬಿಲ್ಲಿನ ಯಂತ್ರ ನೇತುಹಾಕಿಕೊಂಡು, ಕಂಡವರ ಜಗಲಿಯಲ್ಲಿ ಗಳಗಳ ಅತ್ತುಬಿಟ್ಟೆ.

ಅಜ್ಜಿ ಕಣ್ಣು ತೆರೆದರು. "ಅಯ್ಯಯ್ಯೋ, ಅಳ್ತಾ ಇದ್ದೀಯಲ್ಲೋ! ಸಾಯ್ತಾಳೆ ಅಲ್ದಾ ಅವಳು? ಬಾಯಿ ಬಿಡ್ಬೇಡ ಅಂದ್ರೆ ಕಣ್ಣಲ್ಲೇ ಹೇಳ್ಬಿಟ್ಯಲ್ಲೋ!"

"ಇಲ್ಲ ಅಜ್ಜೀ, ಸಾಯೂದಿಲ್ಲ! ಗಂಡನ ಸಂಗಡ ಊರಿಗೆ ಬಂದು ಆರಾಮ ಇರ್ತಾಳೆ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಜ್ಜಿ ನನ್ನ ಕೈಯಲ್ಲಿದ್ದ ಪುಸ್ತಕವನ್ನು ನನ್ನ ಎದೆಗೇ ನೂಕಿದರು.

"ತಕ್ಕಂಡು ಹೋಗು. ಎಲ್ಲಾ ಹೇಳಿ ಆಯ್ತಲ್ಲ. ಇನ್ನೆಂತ ಓದೂದು ನಾನು?"

ಮರುದಿನವೇ ನನ್ನ ಐದು ಪತ್ತೇದಾರಿ ಕಾದಂಬರಿಗಳನ್ನು ಅವರಿಗೆ ಕೊಟ್ಟು, ತುಟಿ ಬಿಚ್ಚದೆ ಬಂದೆ. ಪುಸ್ತಕ ಸಿಕ್ಕ ದಿನ ಮಾತ್ರ ಅವರ ಬಾವಿಕಟ್ಟೆಗೆ ಹೋಗಿ ಎರಡೂ ಕೈ ತಿಕ್ಕಿ ತೊಳೆದುಕೊಂಡೆ. ಅಲ್ಲೇ ಕೂತು ಮೊದಲನೇ ಪುಟ ತೆರೆದೆ. ಆ ದಿನ ಕದ್ವಾಡದಲ್ಲಿ ಇನ್ನೊಂದು ಮೀಟರನ್ನೂ ನಾನು ಓದಲಿಲ್ಲ.