ಹದಿನೆಂಟಡಿಯ ಹಾಯಿಮರ

ಹಲ್ಲಿನ ಡಾಕ್ಟರ ಗ್ಯಾರೇಜಿನಲ್ಲಿ ಎಂಟು ತಿಂಗಳಿಂದ ಒಂದು ದೋಣಿ ಬೆಳೆಯುತ್ತಿತ್ತು. ಕಾರು ಬೀದಿಯಲ್ಲಿ ಒಣಗುತ್ತಿತ್ತು. ಹತ್ತಡಿಯ ಆ ದೋಣಿಯನ್ನು ಡಾಕ್ಟರು ಸ್ವಹಸ್ತದಿಂದ ಕಟ್ಟಿದ್ದರು (ಹೆಂಡತಿಯ ತಮ್ಮ ಬಡಗಿ, ಅವನ ಹಸ್ತ ಲೆಕ್ಕಕ್ಕಿರಲಿಲ್ಲ). ಉಳಿದದ್ದು ಹಾಯಿ ಮತ್ತು ಹಾಯಿಮರ. ಮನೆಯ ನೆಮ್ಮದಿ ಕೆಟ್ಟದ್ದು ಅಲ್ಲಿಂದಲೇ.

"ಹದಿನೆಂಟಡಿ ಮರ, ಮೂರು ಮೂಲೆ ಹಾಯಿ," ಎಂದರು ಡಾಕ್ಟರು. "ದಾರೀಲಿ ಹೋಗೋರು ನಿಂತು ನೋಡ್ಬೇಕು."

"ಇಷ್ಟು ಸಣ್ಣ ದೋಣಿಗೆ ಒಂಬತ್ತಡಿ ಸಾಕು ಭಾವ," ಎಂದ ಬಡಗಿ. "ಗಿಡ್ಡ ಮರ, ನಾಲ್ಕು ಮೂಲೆ ಹಾಯಿ. ಗಾಳಿ ಅಷ್ಟು ಮೇಲಿಂದ ತಳ್ಳಿದ್ರೆ ದೋಣಿ ಮಗುಚುತ್ತೆ."

"ಗಿಡ್ಡ ಮರ ನಿಲ್ಸಿದ್ರೆ ಬಟ್ಟೆ ಒಣಗ್ಸೋ ಗಳ ಅಂತಾರೆ."

ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವ ಹೆಂಡತಿ ಮಷೀನಿನ ಹಿಂದಿನಿಂದ ತಲೆಯೆತ್ತಿದರು. "ಮೈಗೆ ಒಪ್ಪೋ ಅಳತೆ ಕೊಡ್ರೀ. ಆಮೇಲೆ ಕತ್ತರ್ಸೋಳು ನಾನೇ."

"ಇದು ಅಂಗಿ ಅಲ್ಲ ಕಣೇ, ನೌಕಾಶಾಸ್ತ್ರ."

ಶಾಸ್ತ್ರದ ಮುಂದೆ ಕತ್ತರಿ ಸೋತಿತು. ಊಟದ ಕೋಣೆಯ ತುಂಬ ಹಾಯಿ ಹರಡಿಕೊಂಡಿತು. ಮೂರು ದಿನ ಎಲ್ಲರೂ ಅಡುಗೆಮನೆಯಲ್ಲಿ ನಿಂತೇ ಉಂಡರು.

ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಡಾಕ್ಟರ ರೋಗಿಗಳೆಲ್ಲ ಸೇರಿದ್ದರು. ಕರೆದವರು ಡಾಕ್ಟರೇ. ಹಾಯಿ ಏರಿತು. ದೋಣಿ ರಾಜಗಾಂಭೀರ್ಯದಿಂದ ಹತ್ತು ಮಾರು ಹೋಯಿತು. ಡಾಕ್ಟರು ದಡದತ್ತ ಕೈ ಬೀಸಿದರು. ಅದೇ ಹೊತ್ತಿಗೆ ಗಾಳಿಯೂ ಬೀಸಿತು.

ಹಾಯಿಮರ ನಿಧಾನವಾಗಿ, ಬಹಳ ವಿನಯದಿಂದ ಬಗ್ಗಿ, ನೀರಿನ ಮೇಲೆ ಮಲಗಿತು. ಡಾಕ್ಟರು ಅದಕ್ಕಿಂತ ಮೊದಲೇ ನೀರಿನಲ್ಲಿದ್ದರು. ದಡದಲ್ಲಿದ್ದ ಅಷ್ಟೂ ಬಾಯಿಗಳು ಯಾರೂ ಹೇಳದೆಯೇ ಅಗಲವಾಗಿ ತೆರೆದುಕೊಂಡವು (ಮುಂದಿನ ಸಾಲಿನವರ ದವಡೆಹಲ್ಲೂ ಕಾಣುತ್ತಿತ್ತು).

ಪುಣ್ಯಕ್ಕೆ ನೀರು ಸೊಂಟದ ಮಟ್ಟಕ್ಕಿತ್ತು. ದೋಣಿ ಎಳೆದುಕೊಂಡು ಬಂದ ಡಾಕ್ಟರು, "ಗಾಳಿಗೆ ಶಿಸ್ತಿಲ್ಲ," ಎಂದರು. ಬಡಗಿ ಗರಗಸ ತಂದು ಮರವನ್ನು ಅರ್ಧ ಮಾಡಿದ. ಹೆಂಡತಿ ಹುಲ್ಲಿನ ಮೇಲೆ ಕೂತು ಹಾಯಿಯ ತುದಿ ಕತ್ತರಿಸಿದರು.

"ಮೂರು ಮೂಲೇಲಿ ಒಂದು ಕತ್ತರಿಸಿಬಿಟ್ಯಲ್ಲೇ," ಎಂದು ಡಾಕ್ಟರು ಮರುಗಿದರು.

"ಈಗ ಎಣಿಸಿ. ನಾಲ್ಕಿದೆ."

ಮಧ್ಯಾಹ್ನದ ಹೊತ್ತಿಗೆ ದೋಣಿ ಸಿದ್ಧವಾಯಿತು. ಬಡಗಿ ತಳ ನೋಡಿ ತಲೆ ಕೆರೆದುಕೊಂಡ. "ಅಲುಗದ ಹಾಗೆ ನಡುವೆ ಒಂದು ಭಾರ ಬೇಕಿತ್ತಕ್ಕ. ಮರಳಿನ ಮೂಟೆ ತರಲಿಲ್ಲ."

ಅಕ್ಕ ತಮ್ಮ ಇಬ್ಬರೂ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು.

"ರೀ, ನಡುವೆ ಕೂತ್ಕೊಳ್ಳಿ. ಏಳ್ಬೇಡಿ," ಎಂದು ಹೆಂಡತಿ ಚುಕ್ಕಾಣಿ ಹಿಡಿದರು.

ದೋಣಿ ಬೆಣ್ಣೆಯ ಹಾಗೆ ಜಾರಿತು. ಡಾಕ್ಟರಿಗೆ ಹಾಯಿಯ ಅಡಿಭಾಗ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎರಡನೆಯ ಸುತ್ತಿನಲ್ಲಿ ರೋಗಿಯೊಬ್ಬರು ದಡದಿಂದ ಕೂಗಿ ಕೇಳಿದರು, "ಡಾಕ್ಟ್ರೇ, ಹೇಗನ್ಸುತ್ತೆ?"

ಉತ್ತರಿಸಲು ಡಾಕ್ಟರು ಕತ್ತು ಎತ್ತಿದರು. ಅಷ್ಟರಲ್ಲಿ ಹೆಂಡತಿ ಹೇಳಿದರು:

"ಮಾತಾಡಿಸ್ಬೇಡಿ, ಭಾರ ಅಲ್ಲಾಡುತ್ತೆ."